ಮೈಕ್ರೋಮೋಲಾರ್ ಡೋಸ್‌ನಲ್ಲೇ ಕ್ಯಾನ್ಸರ್ ಕೋಶಗಳನ್ನು ತಡೆದ ಮೆಟ್‌ಫಾರ್ಮಿನ್: ನನ್ನ ಅನುಭವ

ಹತ್ತು ಮಿಲಿಮೋಲಾರ್ ಸುರಿದರೆ ಯಾವ ಕೋಶ ತಾನೇ ಬದುಕುತ್ತದೆ? ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸುವ ಎಲ್ಲರೂ ಈ ಮಾತು ಕೇಳಿಯೇ ಇರುತ್ತಾರೆ. ಮಾತಿನಲ್ಲಿ ಹುರುಳೂ ಇದೆ. ದಿನಕ್ಕೆ ಎರಡು ಗ್ರಾಂ ಮಾತ್ರೆ ನುಂಗುವವರ ರಕ್ತದಲ್ಲಿ ಈ ಔಷಧ ಸುಮಾರು 10ರಿಂದ 20 ಮೈಕ್ರೋಮೋಲಾರ್ ಇರುತ್ತದೆ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲಿ 40-70 ಅಂತಿಟ್ಟುಕೊಳ್ಳಿ. ನಾವು ಪ್ಲೇಟಿಗೆ ಹಾಕುವುದೋ 5, 10, ಕೆಲವರು 20 ಮಿಲಿಮೋಲಾರ್. ಒಂದು ಮಿಲಿಮೋಲಾರ್ ಎಂದರೆ ಸಾವಿರ ಮೈಕ್ರೋಮೋಲಾರ್, ಅಂದರೆ ನೂರಾರು ಪಟ್ಟು ಜಾಸ್ತಿ. ಐವತ್ತರಿಂದ ನೂರು ಮೈಕ್ರೋಮೋಲಾರ್‌ನಲ್ಲಿ ಮಾಡಿ ತೋರಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಈಗ ಅವರೇ ಮೀಡಿಯಂ (ಕೋಶ ಬೆಳೆಸುವ ದ್ರಾವಣ) ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ. ಕಾಂಪ್ಲೆಕ್ಸ್ 1 (ಮೈಟೊಕಾಂಡ್ರಿಯದ ಉಸಿರಾಟ ಸರಪಳಿಯ ಕೊಂಡಿ, ಮೆಟ್‌ಫಾರ್ಮಿನ್ ತಡೆಯುವುದು ಇದನ್ನೇ), ಎಎಂಪಿಕೆ (ಕೋಶದ ಶಕ್ತಿ ಇಳಿದಾಗ ಎಚ್ಚರಗೊಳ್ಳುವ ಕಿಣ್ವ) ಪಾಠ ಇಲ್ಲಿ ಇಲ್ಲ. ಅದು ಗೊತ್ತಿದ್ದವರಿಗೇ ಈ ಬರಹ.

ತೊಂದರೆಯ ಬೇರು ಮೀಡಿಯಂ ಬಾಟಲಿಯಲ್ಲಿದೆ. ಮಾಮೂಲಿ ಡಿಎಂಇಎಂ ಎಂಬ ಮೀಡಿಯಂನಲ್ಲಿ ಗ್ಲುಕೋಸ್ 25 ಮಿಲಿಮೋಲಾರ್, ಅಂದರೆ ಲೀಟರಿಗೆ 4.5 ಗ್ರಾಂ. ಒಬ್ಬ ಮನುಷ್ಯನ ಸಕ್ಕರೆ 450 ತೋರಿಸಿದ ಹಾಗೆ ಆಯಿತು. ಆರ್‌ಪಿಎಂಐ 1640 ಎಂಬ ಇನ್ನೊಂದು ಮೀಡಿಯಂನಲ್ಲಿ 11. ಇಷ್ಟು ಸಕ್ಕರೆಯಲ್ಲಿ ಮುಳುಗಿರುವ ಕೋಶಕ್ಕೆ ಮೈಟೊಕಾಂಡ್ರಿಯ ನಿಧಾನವಾದರೆ ಏನೂ ಅನ್ನಿಸುವುದಿಲ್ಲ, ಗ್ಲೈಕಾಲಿಸಿಸ್‌ನಲ್ಲೇ (ಮೈಟೊಕಾಂಡ್ರಿಯದ ಹಂಗಿಲ್ಲದೆ ಸಕ್ಕರೆ ಒಡೆಯುವ ದಾರಿ) ಸುಖವಾಗಿ ಬದುಕುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಗ್ಲುಕೋಸ್ ಇಳಿಸಿ ನೋಡಿದವರೂ ಬೇಕಾದಷ್ಟು ಜನ ಇದ್ದಾರೆ. ಇಳಿಸಿದ ಮೇಲೂ ಏನೂ ಆಗಲಿಲ್ಲ ಎಂದು ಕೈಬಿಟ್ಟವರು ಬಾಟಲಿಯ ಮೇಲಿನ ಇನ್ನೊಂದು ಸಾಲು ಓದಿರುವುದಿಲ್ಲ: ಸೋಡಿಯಂ ಪೈರುವೇಟ್ 1 ಮಿಲಿಮೋಲಾರ್. ನಮ್ಮ ರಕ್ತದಲ್ಲಿ ಇರುವುದು ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಕಾಂಪ್ಲೆಕ್ಸ್ 1 ಕಟ್ಟಿಹೋದಾಗ ಕೋಶಕ್ಕೆ ನಿಜವಾಗಿ ಕೊರತೆ ಬೀಳುವುದು ಎನ್‌ಎಡಿ ಪ್ಲಸ್ (ಎಲೆಕ್ಟ್ರಾನ್ ಹೊರುವ ಸಹಾಯಕ ಅಣು), ಅದರ ಬೆನ್ನಿಗೆ ಆಸ್ಪಾರ್ಟೇಟ್ (ಕೋಶ ಬೆಳೆಯಲು ಬೇಕಾದ ಅಮೈನೊ ಆಮ್ಲ). ಪೈರುವೇಟ್ ಇದ್ದರೆ ಅದನ್ನು ಲ್ಯಾಕ್ಟೇಟ್ ಮಾಡಿ ಎನ್‌ಎಡಿ ಪ್ಲಸ್ ವಾಪಸ್ ಪಡೆದುಕೊಳ್ಳುತ್ತದೆ, ಔಷಧದ ಏಟು ತಪ್ಪಿಹೋಗುತ್ತದೆ. ಗ್ಲುಕೋಸ್‌ಗಿಂತ ಪೈರುವೇಟ್ ತೆಗೆದದ್ದೇ ನನಗೆ ಹೆಚ್ಚು ಫಲ ಕೊಟ್ಟಿತು.

ಹಾಗಾಗಿ ಗ್ಲುಕೋಸ್, ಪೈರುವೇಟ್ ಎರಡೂ ಇಲ್ಲದ ಡಿಎಂಇಎಂ ತರಿಸಿ, 1 ಮೋಲಾರ್ ಗ್ಲುಕೋಸ್ ಸ್ಟಾಕ್ (ಮಿಲಿಗೆ 180 ಮಿಲಿಗ್ರಾಂ) ಬೇರೆ ಮಾಡಿಟ್ಟುಕೊಳ್ಳುತ್ತೇನೆ. 500 ಮಿಲಿ ಬಾಟಲಿಗೆ ಅರ್ಧ ಮಿಲಿ ಹಾಕಿದರೆ 1 ಮಿಲಿಮೋಲಾರ್, ಎರಡೂವರೆ ಮಿಲಿ ಹಾಕಿದರೆ 5. ಐದು ರಕ್ತದ ಮಟ್ಟ, ಒಂದು ಗೆಡ್ಡೆಯೊಳಗಿನ ಬಡತನದ ಮಟ್ಟ ಎಂದು ನನ್ನ ಲೆಕ್ಕ. ಗ್ಲುಟಮಿನ್ 4ರ ಬದಲು 2ಕ್ಕೆ ಇಳಿಸುತ್ತೇನೆ. ಇನ್ನೂ ಒಂದು ಅಮೈನೊ ಆಮ್ಲದ ಪ್ರಮಾಣವನ್ನು ಬದಲಾಯಿಸುತ್ತೇನೆ. ಯಾವುದು, ಎಷ್ಟು ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ; ಅದಿಲ್ಲದೆಯೂ ಈ ವಿಧಾನ ನಡೆಯುತ್ತದೆ.

ಹಣ ಹೋಗುವುದು ಮೀಡಿಯಂಗೆ ಬೆರೆಸುವ ಸೀರಂಗೆ (ರಕ್ತದ ತಿಳಿ ಭಾಗ). ಮಾಮೂಲಿ ಸೀರಂ ಶೇ. 10 ಹಾಕಿದರೆ ಅದರ ಜೊತೆಗೇ ಅರ್ಧ ಮಿಲಿಮೋಲಾರ್‌ನಷ್ಟು ಗ್ಲುಕೋಸ್ ನುಸುಳುತ್ತದೆ. 1 ಅಂದುಕೊಂಡದ್ದು ಒಂದೂವರೆ ಆಗಿರುತ್ತದೆ. ಹಾಗಾಗಿ ಡಯಾಲೈಸ್ ಮಾಡಿದ (ಪೊರೆಯ ಮೂಲಕ ಸಣ್ಣ ಅಣು ತೊಳೆದ) ಸೀರಂ ಬೇಕೇ ಬೇಕು. ರೆಡಿಮೇಡ್ ಸಿಗುತ್ತದೆ, ಆದರೆ ಬೆಲೆ ನೋಡಿದರೆ ಔಷಧ, ಪ್ಲೇಟು ಎಲ್ಲ ಸೇರಿಸಿದ್ದಕ್ಕಿಂತ ಇದೊಂದೇ ಹೆಚ್ಚು. ನಾನು ಮನೆಗೆಲಸದ ಹಾಗೆ ಲ್ಯಾಬಲ್ಲೇ ಮಾಡಿಕೊಂಡೆ: 3.5 ಕಿಲೋಡಾಲ್ಟನ್ ಡಯಾಲಿಸಿಸ್ ಟ್ಯೂಬು (ಅದಕ್ಕಿಂತ ಹಗುರ ಅಣು ಮಾತ್ರ ಹೊರಹೋಗುತ್ತದೆ), ನೂರು ಪಟ್ಟು ಉಪ್ಪುನೀರು (0.15 ಮೋಲಾರ್), 4 ಡಿಗ್ರಿಯಲ್ಲಿ ಎರಡು ರಾತ್ರಿ, ನಡುವೆ ಮೂರು ಸಲ ನೀರು ಬದಲು. ಟ್ಯೂಬಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ. ಪ್ರೋಟೀನ್ ನೀರು ಎಳೆದುಕೊಂಡು ಉಬ್ಬುತ್ತದೆ, ಬಿಗಿಯಾಗಿ ಕಟ್ಟಿದರೆ ಗಂಟಿನಲ್ಲೇ ಬಾಯಿಬಿಡುತ್ತದೆ. ಆಮೇಲೆ ನೇರವಾಗಿ 0.22 ಮೈಕ್ರಾನ್ ಫಿಲ್ಟರಿಗೆ ಹಾಕಿದರೆ ಅಲ್ಲೇ ಕಟ್ಟಿಕೊಳ್ಳುತ್ತದೆ, ಮೊದಲು 0.45, ನಂತರ 0.22. ಇದರಲ್ಲಿ ಒಂದು ಲಾಭವೂ ಉಂಟು: ಅಂಗಡಿಯ ಸೀರಂಗೆ ಸಾಮಾನ್ಯವಾಗಿ 10 ಕಿಲೋಡಾಲ್ಟನ್ ಪೊರೆ ಬಳಸುತ್ತಾರೆ, ಅದರಲ್ಲಿ 5.8ರ ಇನ್ಸುಲಿನ್ ತೊಳೆದುಹೋಗುತ್ತದೆ. ನಮ್ಮದರಲ್ಲಿ ಬಹುಪಾಲು ಉಳಿಯುತ್ತದೆ. ಎರಡೂ ಸೀರಂ ಬೆರಕೆ ಮಾಡಿ ಒಂದೇ ಗ್ರಾಫಿಗೆ ಹಾಕಬೇಡಿ.

ಗ್ಲುಕೋಸ್ ಎಷ್ಟಿದೆ ಎಂದು ನೋಡಲು ಕಿಟ್ ಕೊಳ್ಳುವ ಅಗತ್ಯವಿಲ್ಲ, ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಸಾಕು. ಒಂದು ಹನಿ ಮೀಡಿಯಂ, ಐದು ಸೆಕೆಂಡು. ಆದರೆ ಅದು ತೋರಿಸುವ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಮೀಟರಿನ ಲೆಕ್ಕ ರಕ್ತಕಣ ಇರುವ ರಕ್ತಕ್ಕೆ. ಅದೇ ಮೀಡಿಯಂನಲ್ಲಿ 2, 5, 10, 20 ಮಿಲಿಮೋಲಾರ್ ಮಾಡಿ ಗೆರೆ ಎಳೆದುಕೊಂಡು (ಮಿಲಿಮೋಲಾರ್ ಇಂಟು 18 ಅಂದರೆ ಮೀಟರಿನ ಅಂಕಿ) ಅದರ ಮೇಲೆ ಓದಬೇಕು. ಮೀಟರಿನ ಅಂಕಿ 20ಕ್ಕಿಂತ ಕೆಳಗಿಳಿದರೆ ಬಹಳಷ್ಟು ಮೀಟರುಗಳು ಬರೀ ‘ಲೋ’ ಎನ್ನುತ್ತವೆ. ಹಾಗಾಗಿ 1 ಮಿಲಿಮೋಲಾರ್ ಪ್ರಯೋಗಕ್ಕೆ ಇದು ನಡೆಯದು, 5ರದಕ್ಕೆ ಮಾತ್ರ.

ಔಷಧದ ಸ್ಟಾಕ್ ಸುಲಭ. ಹೈಡ್ರೋಕ್ಲೋರೈಡ್ ಅಣುತೂಕ 165.6, ಮಿಲಿ ನೀರಿಗೆ 16.6 ಮಿಲಿಗ್ರಾಂ ಹಾಕಿದರೆ 100 ಮಿಲಿಮೋಲಾರ್, ಸಾವಿರದಲ್ಲೊಂದು ಹಾಕಿದರೆ 100 ಮೈಕ್ರೋಮೋಲಾರ್. ಡಿಎಂಎಸ್‌ಒ ದ್ರಾವಕ ಮುಟ್ಟಬೇಡಿ, ಇದು ನೀರಿನ ಮದ್ದು. ಶುದ್ಧ ಪುಡಿ ಬರುವುದು ತಡವಾದಾಗ ಮಾತ್ರೆಯಿಂದಲೂ ಮಾಡಿ ನೋಡಿದ್ದೇನೆ. ಸಾದಾ 500 ಮಾತ್ರೆಯನ್ನು ಕುಟ್ಟಿ 10 ಮಿಲಿ ನೀರಿನಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ ಸೋಸಿದರೆ 300 ಮಿಲಿಮೋಲಾರ್ ಹತ್ತಿರ ಬರುತ್ತದೆ. 232 ನ್ಯಾನೋಮೀಟರಿನಲ್ಲಿ ಅಳೆಯಿರಿ. ಮಿಲಿಗೆ 10 ಮೈಕ್ರೋಗ್ರಾಂ ಇದ್ದರೆ 0.8ರ ಆಸುಪಾಸು ತೋರಿಸಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಸಹವಾಸ ಮಾತ್ರ ಬೇಡ. ಅದರ ಸೆಲ್ಯುಲೋಸ್ ನೀರು ಕುಡಿದು ಲೋಳೆಯಾಗಿ ಟ್ಯೂಬಿನ ಗೋಡೆಗೆ ಅಂಟುತ್ತದೆ, ಪಿಪೆಟ್ ತುದಿಗೆ ದಾರದಂತೆ ಎಳೆಯುತ್ತದೆ, ಫಿಲ್ಟರ್ ಒಂದೇ ಒತ್ತಿಗೆ ಮುಗಿಯುತ್ತದೆ.

ಇನ್ನು ಸಮಯ. ಮೆಟ್‌ಫಾರ್ಮಿನ್ ಮೇಲೆ ಸದಾ ಧನ ಆವೇಶ ಇರುವುದರಿಂದ ತಾನಾಗಿ ಒಳಗೆ ಹೋಗುವುದಿಲ್ಲ, ಓಸಿಟಿ ಸಾಗಣೆ ಪ್ರೋಟೀನ್ ಬೇಕು. ಒಳಗೆ ಹೋದ ಮೇಲೂ ಮೈಟೊಕಾಂಡ್ರಿಯದಲ್ಲಿ ತುಂಬಿಕೊಳ್ಳಲು ಗಂಟೆಗಟ್ಟಲೆ ಹಿಡಿಯುತ್ತದೆ. ಬೇರ್ಪಡಿಸಿದ ಕಾಂಪ್ಲೆಕ್ಸ್ 1 ಅನ್ನು ತಡೆಯಲು ಹತ್ತಾರು ಮಿಲಿಮೋಲಾರ್ ಬೇಕು. ಹೊರಗೆ ಮೈಕ್ರೋಮೋಲಾರ್ ಇದ್ದರೆ ಒಳಗೆ ಅಷ್ಟು ಕೂಡಿಕೊಳ್ಳಲು ಕಾಲ ಕೊಡಲೇಬೇಕು. 24 ಗಂಟೆಯ ಪ್ರಯೋಗದಲ್ಲಿ ಏನೂ ಕಾಣದೆ ಡೋಸ್ ಏರಿಸುತ್ತಾ ಹೋದದ್ದರಿಂದಲೇ ಎಲ್ಲರೂ 10 ಮಿಲಿಮೋಲಾರಿಗೆ ಬಂದು ನಿಂತದ್ದು. 20 ಮಿಲಿಮೋಲಾರ್ ಹಾಕಿದರೆ ಕ್ಲೋರೈಡ್ ಸೇರಿ ಆಸ್ಮೊಲಾಲಿಟಿಯೇ (ಕರಗಿದ ಕಣಗಳ ಒಟ್ಟು ಸಾಂದ್ರತೆ) 40 ಮಿಲಿಆಸ್ಮೋಲ್‌ನಷ್ಟು ಏರುತ್ತದೆ. ಅಷ್ಟೇ ಉಪ್ಪು ಹಾಕಿದ ಕಂಟ್ರೋಲ್ ಎಷ್ಟು ಜನ ಇಡುತ್ತಾರೋ!

ನಾನು ಕಾಲೊನಿ ಪ್ರಯೋಗಕ್ಕೆ (ಒಂದೊಂದು ಕೋಶದಿಂದ ಬೆಳೆದ ಗುಂಪುಗಳನ್ನು ಎಣಿಸುವುದು) ಅಂಟಿಕೊಂಡೆ. ಆರು ವೆಲ್ ಪ್ಲೇಟಿನಲ್ಲಿ ವೆಲ್‌ಗೆ (ಪ್ಲೇಟಿನ ಗುಳಿ) 500 ಪ್ಯಾಂಕ್-1 ಕೋಶ (ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನದು), ಒಂದು ದಿನ ಮಾಮೂಲಿ ಮೀಡಿಯಂನಲ್ಲಿ ಅಂಟಲು ಬಿಟ್ಟು, ಕ್ಯಾಲ್ಸಿಯಂ ಇರುವ ಪಿಬಿಎಸ್‌ ಉಪ್ಪು ಬಫರ್‌ನಲ್ಲಿ ಎರಡು ಸಲ ತೊಳೆದು, 3 ಮಿಲಿ ಬಡ ಮೀಡಿಯಂ (ಗ್ಲುಕೋಸ್ 1 ಮಿಲಿಮೋಲಾರ್), ಔಷಧ. ಹತ್ತರಿಂದ ಹದಿನಾಲ್ಕು ದಿನ. ಕೋಶ ಕಡಿಮೆ, ಮೀಡಿಯಂ ಜಾಸ್ತಿ ಇರಲೇಬೇಕು, ಏಕೆಂದರೆ ಲಕ್ಷ ಕೋಶಗಳು ದಿನಕ್ಕೆ ಅರ್ಧ ಮೈಕ್ರೋಮೋಲ್‌ನಷ್ಟು ಗ್ಲುಕೋಸ್ ತಿನ್ನುತ್ತವೆ, ಮೆಟ್‌ಫಾರ್ಮಿನ್ ಬಿದ್ದ ಮೇಲೆ ಇನ್ನೂ ಹೆಚ್ಚು. ಮೂರು ಮಿಲಿಯಲ್ಲಿ ಇರುವುದೇ ಮೂರು ಮೈಕ್ರೋಮೋಲ್. ಕಿಕ್ಕಿರಿದ ವೆಲ್‌ನಲ್ಲಿ ಎರಡನೇ ದಿನಕ್ಕೇ ಸಕ್ಕರೆ ಮುಗಿದು ಕೋಶಗಳು ಹಸಿವಿನಿಂದ ಸಾಯುತ್ತವೆ, ನಾವು ಅದನ್ನು ಔಷಧದ ಗೆಲುವು ಎಂದು ಬರೆದುಕೊಳ್ಳುತ್ತೇವೆ. ಮೀಡಿಯಂ ಹಳದಿಗೆ ತಿರುಗಿದ ವೆಲ್ ಲೆಕ್ಕಕ್ಕೇ ಬೇಡ. ದಿನವೂ ಮೂರನೇ ಎರಡು ಭಾಗ ಬದಲಿಸಿ, ಹೊಸದನ್ನು ವೆಲ್ ಗೋಡೆಗೆ ತಾಗಿಸಿ ಇಳಿಬಿಡಿ. ನಡುವಿಗೆ ಸುರಿದರೆ ಎಳೆಯ ಕಾಲೊನಿ ಎದ್ದುಬಂದು ಅಂಚಿನಲ್ಲಿ ಮರಿ ಕಾಲೊನಿಗಳ ಸಾಲು ಹಾಕುತ್ತದೆ, ಎಣಿಕೆ ಕೆಡುತ್ತದೆ. ಕೊನೆಗೆ ಶೇ. 0.5 ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, 50 ಕೋಶಕ್ಕಿಂತ ದೊಡ್ಡದನ್ನು ಮಾತ್ರ ಎಣಿಸುವುದು.

ನೂರು ಮೈಕ್ರೋಮೋಲಾರ್‌ನಲ್ಲಿ ಕಾಲೊನಿಗಳು ಕುಗ್ಗಿದ್ದು ಪ್ಲೇಟನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ಅದೇ ಡೋಸ್, ಅದೇ ದಿನ, 25 ಮಿಲಿಮೋಲಾರ್ ಮೀಡಿಯಂನ ಪ್ಲೇಟಿನಲ್ಲಿ ಕಂಟ್ರೋಲ್ ಯಾವುದು ಔಷಧ ಯಾವುದು ಎಂದು ಹೆಸರು ಓದಿಯೇ ಹೇಳಬೇಕು. ಕೊಲ್ಲುತ್ತದೆ ಎನ್ನುವುದಕ್ಕಿಂತ ಬೆಳೆಯಲು ಬಿಡುವುದಿಲ್ಲ ಎನ್ನಬೇಕು; ಔಷಧ ತೆಗೆದರೆ ಮತ್ತೆ ಚಿಗುರುತ್ತವೆ.

ಎಂಟಿಟಿ (ಬಣ್ಣ ನೋಡಿ ಬದುಕಿರುವ ಕೋಶ ಅಳೆಯುವ ಪರೀಕ್ಷೆ) ಇದಕ್ಕೆ ಬೇಡವೇ ಬೇಡ. ಆ ನೇರಳೆ ಬಣ್ಣ ಬರುವುದೇ ಎನ್‌ಎಡಿಎಚ್‌ನಂಥವುಗಳಿಂದ, ನಮ್ಮ ಔಷಧ ಏರುಪೇರು ಮಾಡುವುದೂ ಅದನ್ನೇ. ಕೋಶಗಳ ಸಂಖ್ಯೆ ಒಂದು ಹೇಳಿದರೆ ಎಂಟಿಟಿ ಇನ್ನೊಂದು ಹೇಳುತ್ತದೆ. ಟ್ರಿಪ್ಯಾನ್ ಬ್ಲೂ ಹಾಕಿ ಎಣಿಸಿ, ಇಲ್ಲವೇ ಡಿಎನ್‌ಎ ಬಣ್ಣ ಹಾಕಿ. ಎಎಂಪಿಕೆ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಪಟ್ಟಿ ನೋಡುವ ಪರೀಕ್ಷೆ) ಕಂಟ್ರೋಲ್ ಕೂಡ ಕಪ್ಪಗೆ ಬರುವುದು ಕೈ ನಿಧಾನವಾದಾಗ: ಕೋಶಗಳನ್ನು ಕೆರೆದು, ತಿರುಗಿಸಿ, ಆಮೇಲೆ ಲೈಸಿಸ್ ಮಾಡುವಷ್ಟರಲ್ಲಿ (ಕೋಶ ಒಡೆಯುವಷ್ಟರಲ್ಲಿ) ಅವುಗಳ ಶಕ್ತಿ ಕುಸಿದು ಎಎಂಪಿಕೆಯ ಥ್ರಿಯೊನಿನ್ 172 ಎಂಬ ಜಾಗ ತಾನಾಗಿಯೇ ಫಾಸ್ಫೇಟ್ ಹೊತ್ತಿರುತ್ತದೆ. ಇನ್‌ಕ್ಯುಬೇಟರಿನಿಂದ ಒಂದೊಂದೇ ಪ್ಲೇಟು ತೆಗೆದು, ಮಂಜುಗಡ್ಡೆಯ ಮೇಲೆ ನೇರ ಪ್ಲೇಟಿಗೇ ಲೈಸಿಸ್ ಬಫರ್, ಅದರಲ್ಲಿ 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್. ಆಂಟಿಬಾಡಿಗೆ ಹಣ ಇರುವುದು ಒಂದಕ್ಕೇ ಆದರೆ ಎಎಂಪಿಕೆ ಫಾಸ್ಫೇಟ್ ಹಚ್ಚುವ ಎಸಿಸಿ ಕಿಣ್ವದ ಸೆರಿನ್ 79ರದ್ದು ತನ್ನಿ, ಅದು ಹೆಚ್ಚು ಸ್ಪಷ್ಟ.

ಅನುಮಾನ ಪಡುವವರ ಬಾಯಿ ಮುಚ್ಚಿಸಿದ್ದು ಮರಳಿ ಕೊಡುವ ಪ್ರಯೋಗ. ಔಷಧದ ವೆಲ್‌ಗೆ 1 ಮಿಲಿಮೋಲಾರ್ ಪೈರುವೇಟ್ ಹಾಕಿದರೆ ಕಾಲೊನಿ ವಾಪಸ್. ಪೈರುವೇಟ್ ಆಹಾರವೂ ಹೌದಲ್ಲವೇ ಎಂಬ ತಕರಾರು ಬಂದರೆ ಆಲ್ಫಾ-ಕೀಟೊಬ್ಯುಟಿರೇಟ್ 1 ಮಿಲಿಮೋಲಾರ್ ಹಾಕಿ. ಅದು ಎನ್‌ಎಡಿ ಪ್ಲಸ್ ಅನ್ನು ಮರಳಿಸುತ್ತದೆ, ಆಹಾರವಾಗಿ ಒದಗುವುದಿಲ್ಲ. ಆಸ್ಪಾರ್ಟೇಟ್ ಕೋಶದೊಳಗೆ ಹೋಗುವುದು ಕಷ್ಟ, 10-20 ಮಿಲಿಮೋಲಾರ್ ಬೇಕಾಗುತ್ತದೆ, ಪಿಎಚ್ ಸರಿಮಾಡಿಕೊಂಡೇ ಹಾಕಿ. ಕೈಯಲ್ಲಿ ಹಣ, ಕಾಲ ಎರಡೂ ಇದ್ದರೆ ಕಾಂಪ್ಲೆಕ್ಸ್ 1ರ ಬದಲಿಯಾಗಿ ದುಡಿಯುವ, ಯೀಸ್ಟ್‌ನ ಎನ್‌ಡಿಐ1 ಜೀನ್ ಸೇರಿಸಿದ ಕೋಶ ಮಾಡಿ, ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಕೆಲವು ಸೆಲ್ ಲೈನ್ ಏನು ಮಾಡಿದರೂ ಬಗ್ಗುವುದಿಲ್ಲ. ಮೊದಲು ಓಸಿಟಿ1, ಓಸಿಟಿ3 ಎಷ್ಟಿದೆ ನೋಡಿ. ಬಾಗಿಲೇ ಇಲ್ಲದಿದ್ದರೆ ಮದ್ದು ಹೋಗುವುದೆಲ್ಲಿಂದ? ಆಗ ಮೆಟ್‌ಫಾರ್ಮಿನ್‌ನ ಸೋದರ ಔಷಧ ಫೆನ್‌ಫಾರ್ಮಿನ್ ಹಾಕಿ ಪರೀಕ್ಷಿಸಬಹುದು. ಅದು ಕೊಬ್ಬಿನ ಕಡೆ ಒಲವಿರುವ ಅಣು, ಬಾಗಿಲನ್ನು ಅಷ್ಟಾಗಿ ಕೇಳುವುದಿಲ್ಲ. ಲ್ಯಾಕ್ಟಿಕ್ ಆಸಿಡೋಸಿಸ್ ಕಾರಣಕ್ಕೆ 1970ರ ದಶಕದ ಕೊನೆಯಲ್ಲಿ ಬಹಳಷ್ಟು ದೇಶಗಳಲ್ಲಿ ಹಿಂತೆಗೆದದ್ದು, ಲ್ಯಾಬಿಗಷ್ಟೇ ಸರಿ. ಗ್ಲುಕೋಸ್ ಬದಲು 10 ಮಿಲಿಮೋಲಾರ್ ಗ್ಯಾಲಕ್ಟೋಸ್ ಹಾಕಿಯೂ ನೋಡಿದೆ (ಆಗ ಕೋಶ ಮೈಟೊಕಾಂಡ್ರಿಯವನ್ನೇ ನಂಬಬೇಕಾಗುತ್ತದೆ). ಎಲ್ಲ ಲೈನೂ ಒಂದೇ ಸಮ ಮಲಗಿದವು, ಯಾವುದು ಸೂಕ್ಷ್ಮ ಯಾವುದು ಗಟ್ಟಿ ಎಂದು ತಿಳಿಯಲೇ ಇಲ್ಲ. ಜೊತೆಗೆ ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವ ಬಳಸುವ ಬಗೆಯ ಸ್ಟ್ರಿಪ್ ಇದ್ದರೆ ಮೀಟರ್ ಗ್ಯಾಲಕ್ಟೋಸನ್ನೂ ಗ್ಲುಕೋಸ್ ಎಂದೇ ತೋರಿಸುತ್ತದೆ.

ಇಲಿಗೆ ಹೋಗುವವರು ಕುಡಿಯುವ ನೀರಿನಲ್ಲಿ ಮಿಲಿಗೆ 5 ಮಿಲಿಗ್ರಾಂ ಹಾಕುವ ಹಳೆಯ ಅಭ್ಯಾಸ ಬಿಡಿ. 25 ಗ್ರಾಂ ಇಲಿ 4 ಮಿಲಿ ಕುಡಿದರೆ ಕಿಲೋಗೆ 800 ಮಿಲಿಗ್ರಾಂ ಆಗುತ್ತದೆ. 1.25 ಹಾಕಿದರೆ 200, ಅದನ್ನು ಇಲಿಯ ಡೋಸನ್ನು ಮನುಷ್ಯನದಕ್ಕೆ ಬದಲಿಸುವ 12.3ರಿಂದ ಭಾಗಿಸಿದರೆ 60 ಕಿಲೋ ಮನುಷ್ಯನಿಗೆ ಹೆಚ್ಚುಕಡಿಮೆ ಒಂದು ಗ್ರಾಂ. ನೀರು ಕಹಿಯಾಗಿ ಇಲಿ ಕುಡಿಯುವುದು, ತಿನ್ನುವುದು ಎರಡೂ ಇಳಿಯುತ್ತದೆ. ಬಾಟಲಿ, ಇಲಿ, ಮೇವು ಮೂರನ್ನೂ ತೂಗದೆ ಗೆಡ್ಡೆ ಕುಗ್ಗಿತು ಎನ್ನುವಂತಿಲ್ಲ.

ಇಷ್ಟಾದ ಮೇಲೂ ಎಂಎ.32 ಪ್ರಯೋಗವನ್ನು ಮುಂದೆ ಹಿಡಿಯುವವರಿದ್ದಾರೆ: ಸಕ್ಕರೆ ಕಾಯಿಲೆ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳು, 850 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ವರ್ಷ. 2022ರಲ್ಲಿ ಬಂದ ಫಲಿತಾಂಶದಲ್ಲಿ ರೋಗ ಮರಳುವುದನ್ನು ತಡೆಯುವ ಲಾಭ ಕಾಣಲಿಲ್ಲ. ನನಗೆ ಅದರಲ್ಲಿ ತಕರಾರಿಲ್ಲ. ಗೆಡ್ಡೆಯ ಬಾಗಿಲು, ಉಸಿರಾಟ ನೋಡಿ ರೋಗಿಗಳನ್ನು ಆರಿಸಿದ ಪ್ರಯೋಗ ಅದಲ್ಲ ಎಂದಷ್ಟೇ ಹೇಳುತ್ತೇನೆ. ಈ ಪ್ಲೇಟು ನೋಡಿ ಯಾರೂ ಮಾತ್ರೆ ನುಂಗಬೇಕಾಗಿಯೂ ಇಲ್ಲ. ಹಾಗೆ ಆರಿಸಿ ಮಾಡುವ ಪ್ರಯೋಗಕ್ಕೆ ಹಣ ಹಾಕುವವರು ಸಿಗುವುದೇ ಕಷ್ಟ, ಪೇಟೆಂಟ್ ಎಂದೋ ಮುಗಿದ ಅಗ್ಗದ ಗುಳಿಗೆಯಿಂದ ಯಾವ ಕಂಪನಿಗೂ ಏನೂ ಹುಟ್ಟುವುದಿಲ್ಲ. ಸದ್ಯ ಇದೇ ಮೀಡಿಯಂನಲ್ಲಿ ಶೇ. 1 ಆಮ್ಲಜನಕ ಇಟ್ಟು ನೋಡುತ್ತಿದ್ದೇನೆ. ಅಲ್ಲಿ ಮೀಡಿಯಂ ಬದಲಿಸಲು ಬಾಗಿಲು ತೆರೆದ ಕೂಡಲೇ ಆಮ್ಲಜನಕ ಏರಿಬಿಡುತ್ತದೆ, ಹೊಸ ಮೀಡಿಯಂ ಅನ್ನು ಹಿಂದಿನ ರಾತ್ರಿಯೇ ಒಳಗಿಟ್ಟು ಒಗ್ಗಿಸಿಕೊಳ್ಳಬೇಕು.