ಕಾಗದದ ತಿಮಿಂಗಿಲ: ಬಾಲದಲ್ಲಿದೆ ಜೀವ

ಮಕ್ಕಳಿಗೆ ಒರಿಗಾಮಿ, ಅಂದರೆ ಕಾಗದ ಮಡಚಿ ಆಕೃತಿ ಮಾಡುವ ಕಲೆ, ಕಲಿಸುವವರು ದಯವಿಟ್ಟು ಕೊಕ್ಕರೆಯಿಂದ ಶುರು ಮಾಡಬೇಡಿ. ಚಿಕ್ಕ ಕೈಗಳಿಗೆ ಅದು ಕಷ್ಟ. ತಿಮಿಂಗಿಲವಾದರೆ ಆರೇ ಮಡಿಕೆ.

15 ಸೆಂ.ಮೀ. ಚೌಕದ ತೆಳು ಕಾಗದ ಸಾಕು. ಬಣ್ಣದ ಬದಿ ಕೆಳಗಿರಲಿ. ಮೂಲೆಯಿಂದ ಮೂಲೆಗೆ ಮಡಚಿ ಬಿಡಿಸಿ. ಆ ಗೆರೆಯ ಒಂದು ತುದಿಯ ಎರಡೂ ಅಂಚುಗಳನ್ನು ನಡುಗೆರೆಗೆ ತಂದರೆ ಗಾಳಿಪಟದ ಆಕಾರ ಬರುತ್ತದೆ. ಇಲ್ಲಿ ಅವಸರ ಬೇಡ. ಅಂಚುಗಳು ಒಂದರ ಮೇಲೊಂದು ಏರಿದರೆ ಮುಂದೆ ಕಾಗದ ಉಬ್ಬುತ್ತದೆ. ಕೂದಲೆಳೆಯಷ್ಟು ಜಾಗ ಬಿಟ್ಟು, ಉಗುರಿನಿಂದ ಗಟ್ಟಿಯಾಗಿ ತೀಡಿ. ಅಗಲ ತುದಿಯ ತ್ರಿಕೋನವನ್ನು ಒಳಕ್ಕೆ ಮಡಚಿ, ಅದೇ ಮೂತಿ. ಮಡಿಕೆಗಳೆಲ್ಲ ಒಳಗೆ ಉಳಿಯುವಂತೆ ನಡುಗೆರೆಯಲ್ಲಿ ಅರ್ಧಕ್ಕೆ ಮಡಚಿ, ಚೂಪು ತುದಿಯನ್ನು ಮೇಲಕ್ಕೆ ಬಗ್ಗಿಸಿ.

ಇನ್ನು ಬಾಲ. ತುದಿಯಿಂದ ಬೆನ್ನಿನ ಮಡಿಕೆಗುಂಟ 2 ಸೆಂ.ಮೀ. ಸೀಳಿ, ಎರಡು ಎಸಳುಗಳನ್ನು ಎಡಕ್ಕೂ ಬಲಕ್ಕೂ ಬಿಡಿಸಿ. ಒರಿಗಾಮಿಯಲ್ಲಿ ಕತ್ತರಿ ಸಲ್ಲದು ಎನ್ನುವವರಿದ್ದಾರೆ. ಈ ಒಂದು ಸೀಳಿಗೆ ನಾನಂತೂ ಒಪ್ಪುತ್ತೇನೆ. ಮೀನಿನ ಬಾಲ ನೆಟ್ಟಗೆ ನಿಂತಿರುತ್ತದೆ, ತಿಮಿಂಗಿಲದ್ದು ಅಡ್ಡಡ್ಡ ಹರಡಿರುತ್ತದೆ. ಮಗುವಿಗೆ ಅದನ್ನು ತೋರಿಸಲು ಇದೇ ಸರಿಯಾದ ಗಳಿಗೆ. ಕಣ್ಣನ್ನು ಮಾತ್ರ ತಲೆಯ ಮೇಲೆ ಬರೆಯಬೇಡಿ, ಕೆಳಗೆ, ಬಾಯಿಯ ಕೊನೆಯ ಹತ್ತಿರ ಒಂದು ಚುಕ್ಕೆ ಇಡಿ.