ಉಪ್ಪಾಗೆ ಒಲೆಯ ಮುಂದೆ ಕಳೆದ ಮಳೆಗಾಲಗಳು

ನನ್ನ ಕಸುಬು ಕಬ್ಬಿಣದ್ದು. ಹುಬ್ಬಳ್ಳಿಯಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ಗೇಟು, ಗ್ರಿಲ್ಲು, ತಗಡಿನ ಶೆಡ್ಡು ಮಾಡಿಕೊಡುತ್ತೇನೆ. ಮಳೆ ಹಿಡಿದರೆ ನಮ್ಮ ಕೆಲಸ ಅರ್ಧ ನಿಲ್ಲುತ್ತದೆ. 2014ರ ಜೂನ್‌ನಲ್ಲಿ ಅಂಥ ಬಿಡುವು ಸಿಕ್ಕಾಗ, ಗಿಡ ನೆಡುವ ಗುಂಪೊಂದರ ಜೊತೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿಗೆ ಹೋದೆ. ಅಘನಾಶಿನಿ ಕಣಿವೆಯ ಮೇಲೆ, ಘಟ್ಟದಂಚಿನಲ್ಲಿರುವ ಒಂದು ಊರು. ಮೂರು ದಿನಕ್ಕೆಂದು ಹೋಗಿದ್ದೆ. ಅಲ್ಲಿಯ ಉಪ್ಪಾಗೆ ಎಂಬ ಕಾಡುಹಣ್ಣು ಒಣಗಿಸುವ ಒಲೆಯ ಕೆಲಸಕ್ಕೆ ಸಿಕ್ಕಿ, ಆಮೇಲೆ ಒಂದು ಮಳೆಗಾಲವೂ ತಪ್ಪಿಸಿಲ್ಲ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಹತ್ತಿರ ಕಡಲು ಸೇರುತ್ತದೆ. ಅದರ ಇಕ್ಕೆಲದ ಮಳೆಕಾಡಿನಲ್ಲಿ ಸಿಂಗಳೀಕ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ ಅದು. 2011ರಲ್ಲಿ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕ ಸಂರಕ್ಷಣಾ ಪ್ರದೇಶ ಎಂದು ಘೋಷಿಸಿದರು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಸೇರಿತು. ನಾನು ಹೋಗುವ ಊರು ಆ ಗಡಿಯ ಹೊರಗಿದೆ. ಒಂದು ಮಗ್ಗುಲಲ್ಲಿ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಮೊದಲ ವರ್ಷ ನಾವು ನೆಟ್ಟಿದ್ದು ರಾಮಪತ್ರೆ ಗಿಡ, ಜಾಯಿಕಾಯಿಯ ಸಂಬಂಧಿಯಾದ ಕಾಡುಮರ. ಊರ ಹೊರಗಿನ ಬೋಳು ಗುಡ್ಡದಲ್ಲಿ, ಸಾಲಾಗಿ, ಗುಂಡಿಗೆ ಒಂದರಂತೆ ನೆಟ್ಟೆವು. ಉಂಬಳ ಕಚ್ಚಿಸಿಕೊಂಡು, ನೆನೆದು ತೊಪ್ಪೆಯಾಗಿ, ಫೋಟೋ ತೆಗೆಸಿಕೊಂಡು ಬಂದೆವು. ಮುಂದಿನ ಏಪ್ರಿಲ್‌ನಲ್ಲಿ ನಾನೊಬ್ಬನೇ ಹೋಗಿ ನೋಡಿದರೆ ಒಂದೂ ಉಳಿದಿರಲಿಲ್ಲ. ನನಗೆ ಅಳು ಬಂತು. ನಾವು ಉಳಿದುಕೊಳ್ಳುತ್ತಿದ್ದ ಮನೆಯ ಅಜ್ಜ ಜೊತೆಗಿದ್ದರು. ಅವರು ಬೈಯಲಿಲ್ಲ. "ಇದು ನೆರಳಲ್ಲಿ ಹುಟ್ಟೋ ಮರ ತಮಾ. ಬಿಸಿಲಿಗೆ ಕೂಡ್ರಿಸಿದ್ರೆ ಎಂತ ಮಾಡ್ತು ಅದು?" ಎಂದರು.

ಮರುದಿನ ಅವರೇ ಕಾನಿನೊಳಗೆ ಕರೆದುಕೊಂಡು ಹೋದರು. ರಾಮಪತ್ರೆ ಜಡ್ಡಿ ಅಂತ ಕರೆಯುವ ಜಾಗ ಅದು. ಬೇಸಿಗೆಯಲ್ಲೂ ಕಾಲಡಿ ಕೆಸರು. ಮರಗಳ ಬೇರು ನೀರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಮತ್ತೆ ಕೆಸರಿಗೆ ಇಳಿದಿವೆ. ಕೆಲವು ಮರ ಊರುಗೋಲು ಕೊಟ್ಟ ಹಾಗೆ ಬೇರಿನ ಮೇಲೆ ನಿಂತಿವೆ. ಈ ತಾಲ್ಲೂಕಿನ ಕತ್ತಲೆಕಾನಿನ ಇಂಥದ್ದೇ ಜಡ್ಡಿಯಲ್ಲಿ 2000ದ ಹೊತ್ತಿಗೆ ವಿಜ್ಞಾನಿಗಳಿಗೆ ಹೊಸ ಜಾತಿಯ ಮರವೊಂದು ಸಿಕ್ಕಿತ್ತು. ಅದರ ಹೆಸರಿನಲ್ಲೇ ಕತ್ತಲೆಕಾನು ಸೇರಿದೆ. ಅಲ್ಲಿ ಬಿದ್ದ ರಾಮಪತ್ರೆ ಬೀಜಗಳನ್ನು ನಾನು ಹೆಕ್ಕಿಕೊಂಡೆ. ಹುಬ್ಬಳ್ಳಿಗೆ ತಂದು ಡಬ್ಬಿಯಲ್ಲಿಟ್ಟೆ, ಮಳೆ ಶುರುವಾದ ಮೇಲೆ ಹಾಕೋಣ ಎಂದು. ಅದೂ ತಪ್ಪು. ಮಳೆಕಾಡಿನ ಬಹಳಷ್ಟು ಬೀಜಗಳು ಜೋಳ, ಹೆಸರಿನ ಹಾಗಲ್ಲ. ಒಣಗಿದರೆ ಸತ್ತವೇ. ಹಸಿ ಇದ್ದಾಗಲೇ ಮಣ್ಣಿಗೆ ಹೋಗಬೇಕು.

ಎರಡು ವರ್ಷದಲ್ಲಿ ಎರಡು ಸಲ ಸೋತು, ನನ್ನಿಂದ ಇಲ್ಲಿ ಏನು ಉಪಯೋಗ ಎಂದು ಯೋಚಿಸುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಒಲೆ.

ಜುಲೈ. ಉಪ್ಪಾಗೆ ಕೊಯ್ಲಿನ ಸಮಯ. ಉಪ್ಪಾಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುರುಗಲಿನ ಹತ್ತಿರದ ಸಂಬಂಧಿ. ಪುಟ್ಟ ಕುಂಬಳಕಾಯಿಯ ಹಾಗೆ ಗೆರೆ ಗೆರೆ ಇರುವ ಹಣ್ಣು, ಮಾಗಿದರೆ ಹಳದಿ. ಸಿಪ್ಪೆ ತುಂಬ ಹುಳಿ. ಕೇರಳದವರು ಮೀನು ಸಾರಿಗೆ ಹಾಕುವುದು ಇದನ್ನೇ. ಈ ಸಿಪ್ಪೆಯಿಂದ ತೂಕ ಇಳಿಸುವ ಔಷಧಿಗೆ ಸಾರ ತೆಗೆಯುತ್ತಾರೆಂದು 1990ರ ದಶಕದಲ್ಲಿ ವಿದೇಶದಿಂದ ಬೇಡಿಕೆ ಬಂತು. ಕಾಡಂಚಿನ ಮನೆಗಳಿಗೆ ಮಳೆಗಾಲದಲ್ಲಿ ಕೈಗೆ ಕಾಸು ಬರುವುದು ಇದರಿಂದಲೇ. ಹಣ್ಣು ಬರುವುದು ಸರಿಯಾಗಿ ಜಡಿಮಳೆಯಲ್ಲಿ. ಬಿಸಿಲಿನ ಮಾತೇ ಇಲ್ಲ. ಆದ್ದರಿಂದ ಬೆಂಕಿಯಲ್ಲೇ ಒಣಗಿಸಬೇಕು.

ಆ ಮನೆಯ ಹಿಂದೆ ಸೋಗೆ ಹೊದಿಸಿದ ಗುಡಿಸಲಿತ್ತು. ನೆಲದ ಮೇಲೆ ದೊಡ್ಡ ದೊಡ್ಡ ಮರದ ಕುಂಟೆ ಹಾಕಿ ಬೆಂಕಿ ಮಾಡಿದ್ದರು. ಮೇಲೆ ಬಿದಿರಿನ ತಟ್ಟಿ, ಅದರ ಮೇಲೆ ಸಿಪ್ಪೆ. ಹಗಲು ರಾತ್ರಿ ಉರಿಸಬೇಕು, ಮೂರು ನಾಲ್ಕು ದಿನ. ಶಾಖದಲ್ಲಿ ಮುಕ್ಕಾಲು ಪಾಲು ಸುಮ್ನೆ ಸೋಗೆ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೊಗೆ ಮಾತ್ರ ಒಳಗೇ. ಮನೆಯ ಸೊಸೆ, ನಾನು ಅಕ್ಕ ಎಂದು ಕರೆಯುತ್ತೇನೆ, ಕಣ್ಣು ಕೆಂಪಗೆ ಮಾಡಿಕೊಂಡು ಸಿಪ್ಪೆ ಮಗುಚುತ್ತಿದ್ದರು. ಒಣಗಿ ಬಂದ ಸಿಪ್ಪೆಗಿಂತ ಅದಕ್ಕೆ ಉರಿದ ಕಟ್ಟಿಗೆಯ ತೂಕ ಹಲವು ಪಟ್ಟು ಜಾಸ್ತಿ. ಆ ಕಟ್ಟಿಗೆ ಎಲ್ಲಿಂದ ಬರಬೇಕು? ಅದೇ ಕಾಡಿನಿಂದ. ಕೆಳಗೆ ನಾವು ನೂರು ಗಿಡ ನೆಡುವಷ್ಟರಲ್ಲಿ ಮೇಲೆ ಎಷ್ಟು ಮರ ಬೂದಿಯಾಗುತ್ತಿತ್ತೋ ಎಂದು ಆ ಸಂಜೆ ನನಗೆ ನಿದ್ದೆ ಬರಲಿಲ್ಲ.

ಆದರೆ ಒಲೆ ಅಂದರೆ ನನಗೆ ಗೊತ್ತಿರುವ ವಿದ್ಯೆ. ಅಕ್ಕನಿಗೆ, "ನಾನೊಂದು ಮಾಡಿಕೊಡಲಾ?" ಎಂದು ಕೇಳಿದೆ. "ಕೆಟ್ಟರೆ ನಮ್ಮ ಹಣ್ಣು ಕೆಡ್ತು. ಅರ್ಧ ನಿಂಗೆ, ಅರ್ಧ ಗುಡಿಸಲಿಗೆ" ಎಂದರು. ನ್ಯಾಯವಾದ ಮಾತು.

ಈ ಸೀಮೆಗೆ ಸುಧಾರಿಸಿದ ಒಲೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಅನೇಕ ಮನೆಗಳಲ್ಲಿದೆ. ಗೋಬರ್ ಗ್ಯಾಸ್ ಅಂತೂ ಶಿರಸಿ ಕಡೆ ಬೇರೂರಿದೆ. ಹಣ್ಣು ಒಣಗಿಸುವ ಡ್ರೈಯರ್‌ಗಳೂ ಕೆಲವೆಡೆ ಬಂದಿದ್ದವು. ಅವನ್ನು ನೋಡಿಕೊಂಡು ಬಂದು ನನ್ನದೇ ಲೆಕ್ಕದಲ್ಲಿ ಕಟ್ಟಿದೆ. ಸುತ್ತ ಕೆಂಪು ಚೀರೆಕಲ್ಲಿನ ಗೋಡೆ, ಕೆಳಗೆ ಬೆಂಕಿ ಗೂಡು, ಗೂಡಿನ ಮೇಲೆ ದಪ್ಪ ತಗಡು, ಹೊಗೆ ಹೊರಗೆ ಹೋಗಲು ಕೊಳವೆ. ತಗಡು ಕಾದು ಬಿಸಿ ಗಾಳಿ ಮೇಲೇಳುತ್ತದೆ. ಮೇಲೆ ಒಂದರ ಮೇಲೊಂದು ನಾಲ್ಕು ಟ್ರೇ. ಟ್ರೇಗೆ ಗ್ಯಾಲ್ವನೈಸ್ ಮಾಡಿದ ಜಾಲರಿ ಹಾಕಿದೆ. ಶಾಖ ಎಲ್ಲೂ ಸೋರಬಾರದು ಎಂದು ಮೇಲೆ ಗಟ್ಟಿಯಾಗಿ ಮುಚ್ಚಿದೆ.

ಬೆಳಿಗ್ಗೆ ತೆಗೆದರೆ ಸಿಪ್ಪೆ ಒಣಗಿರಲಿಲ್ಲ, ಬೆಂದಿತ್ತು. ಹಣ್ಣಿನ ನೀರು ಆವಿಯಾಗಿ ಹೋಗಲು ದಾರಿಯೇ ಇಲ್ಲದೆ ಒಳಗೇ ಸುತ್ತಿ, ಮೇಲಿನ ಟ್ರೇ ಮೇಲೆ ಮಳೆ ಸುರಿದಂತೆ ತೊಟ್ಟಿಕ್ಕಿತ್ತು. ಎರಡನೇ ದಿನ ಬೂಷ್ಟು. ಅಕ್ಕನ ಅರ್ಧ ಹಣ್ಣು ಹೋಯಿತು. ನಾನು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನೆತ್ತಿಯಲ್ಲಿ ಎರಡು ಕಿಂಡಿ ತೆಗೆದೆ, ಅದಕ್ಕೆ ಜಾರುವ ಮುಚ್ಚಳ ಇಟ್ಟೆ. ಮೊದಲ ದಿನ ಪೂರ್ತಿ ತೆರೆದಿಡಬೇಕು, ತೇವ ಇಳಿದಂತೆ ಕಿರಿದು ಮಾಡಬೇಕು. ಬೆಂಕಿ ಜೋರಾಗಿ ಎಬ್ಬಿಸಬಾರದು. ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಇದನ್ನು ಅಕ್ಕ ನನಗಿಂತ ಬೇಗ ಹಿಡಿದರು. ಅಂಗೈಯನ್ನು ಕಿಂಡಿಯ ಮೇಲೆ ಹಿಡಿದು, "ಈಗ ಮುಚ್ಚು" ಎನ್ನುತ್ತಿದ್ದರು. ಆ ಅಂಗೈ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಎರಡನೇ ಏಟು ಜಾಲರಿಯಿಂದ. ಒಂದೇ ಮಳೆಗಾಲದಲ್ಲಿ ಅದರ ಸತು ಲೇಪನ ಕಿತ್ತು ಹೋಯಿತು, ಸಿಪ್ಪೆಯ ಮೇಲೆ ಕಲೆ ಬಿತ್ತು. ಹುಳಿ ಅಷ್ಟು ತೀಕ್ಷ್ಣ. ಸ್ಟೇನ್‌ಲೆಸ್ ಸ್ಟೀಲ್ ಹಾಕೋಣವೆಂದರೆ ಖರ್ಚು ಯಾವ ಮನೆಗೂ ಗಿಟ್ಟುವುದಿಲ್ಲ. ಅಜ್ಜ ತೋಟದಲ್ಲಿ ಬಿದ್ದಿದ್ದ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಸಂದಿ ಬಿಟ್ಟು ಜೋಡಿಸಿ ಕೊಟ್ಟರು. ಹುಳಿಗೆ ಜಗ್ಗಲಿಲ್ಲ, ಕಾಸೂ ಖರ್ಚಿಲ್ಲ. ಈಗಲೂ ಎಲ್ಲಾ ಒಣಗಿಸುವ ಗೂಡುಗಳಲ್ಲಿ ದಬ್ಬೆಯ ಟ್ರೇಯೇ. ನನ್ನ ಕಸುಬಿನಿಂದ ಬಂದದ್ದು ತಗಡು, ಕೊಳವೆ, ಮುಚ್ಚಳ ಮಾತ್ರ.

2016ರ ಮಳೆಗಾಲದಲ್ಲಿ ಕಟ್ಟಿಗೆ ಕಣ್ಣಿಗೆ ಕಾಣುವಷ್ಟು ಕಡಿಮೆ ಬೇಕಾಯಿತು. ದೊಡ್ಡ ಕುಂಟೆಯ ಬದಲು ಅಡಿಕೆ ಸಿಪ್ಪೆ, ಸೋಗೆ ದಂಟು, ಉದುರಿದ ಜಿಗ್ಗು ಕಡ್ಡಿ ಸಾಕಾಯಿತು. ಮೊದಲ ಚೀಲ ಮಾರಲು ಒಯ್ದಾಗ ಮಾತ್ರ ವ್ಯಾಪಾರಿಯೊಬ್ಬ ಹೊಗೆ ಬಣ್ಣ ಇಲ್ಲ, ಇದು ಸರಿ ಒಣಗಿಲ್ಲ ಎಂದು ಬೆಲೆ ಇಳಿಸಿದ. ಅಕ್ಕ ಚೀಲ ವಾಪಸ್ ತಂದು ಬಿಟ್ಟರು. ಹದಿನೈದು ದಿನ ಕಾದು ಬೇರೆ ಕಡೆ ಕೊಟ್ಟರು. ಕಾಯುವ ಶಕ್ತಿ ಎಲ್ಲಾ ಮನೆಗಳಿಗೆ ಇರುವುದಿಲ್ಲ ಅಲ್ವಾ? ಅದಕ್ಕೇ ಮರುವರ್ಷ ಆರು ಮನೆಯವರು ಮಾಲು ಒಟ್ಟು ಸೇರಿಸಿ ಮಾರಲು ಶುರು ಮಾಡಿದರು.

ಒಲೆ ಸರಿಯಾದರೂ ಕೊಯ್ಲು ಸರಿಯಾಗಿರಲಿಲ್ಲ. ಉಪ್ಪಾಗೆ ಮರ ಕಾಡಿನಲ್ಲಿದೆ, ಯಾರು ಮೊದಲು ಹೋದರೆ ಅವರದ್ದು. ಇನ್ನೊಬ್ಬರು ಕೊಯ್ದುಬಿಟ್ಟಾರು ಎಂಬ ಭಯಕ್ಕೆ ಹಸಿರು ಕಾಯನ್ನೇ ಇಳಿಸುತ್ತಾರೆ. ದೋಟಿಗೆ ಸಿಗದಿದ್ದರೆ ಟೊಂಗೆಯನ್ನೇ ಕಡಿಯುತ್ತಾರೆ. ಕಡಿದ ಟೊಂಗೆ ಮುಂದಿನ ವರ್ಷ ಹಣ್ಣು ಕೊಡುವುದಿಲ್ಲ. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ, ಹಾಗಾಗಿ ಹೊಸ ಸಸಿ ಹುಟ್ಟುವುದಿಲ್ಲ. ಸಿಂಗಳೀಕನಿಗೂ ಉಪ್ಪಾಗೆ ಬೇಕು. ನಾವು ಜೂನ್‌ನಲ್ಲೇ ಬೋಳಿಸಿದರೆ ಅದು ಏನು ತಿನ್ನಬೇಕು?

ಇದನ್ನು ಹೊರಗಿನವನಾಗಿ ನಾನು ಹೇಳಲು ಹೋಗಲಿಲ್ಲ. ಹೇಳಿದ್ದು ಅಜ್ಜ, ದೇವಸ್ಥಾನದ ಜಗುಲಿಯಲ್ಲಿ, ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಕಡೆ ಮರ ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿಕೊಂಡಾಗ ಅವರಿಗೆ ಇನ್ನೂ ಹುಡುಗು ವಯಸ್ಸು. ಅಪ್ಪಿಕೋ ಚಳವಳಿಯ ಆ ಮೂರು ಮಾತು ಅವರ ಬಾಯಲ್ಲಿ ಆಗಲೂ ಇತ್ತು: ಉಳಿಸು, ಬೆಳೆಸು, ಬಳಸು. "ಮೊದಲ ಎರಡು ಎಲ್ಲರೂ ಹೇಳ್ತ್ರು. ಮೂರನೇದು ಹ್ಯಾಂಗೆ ಅಂತ ಯಾರೂ ಹೇಳ್ತ್ರಿಲ್ಲೆ" ಎಂದರು. ನಾನು ಮೊದಲ ವರ್ಷ ಬಂದಾಗ ಬೆಳೆಸುವುದೊಂದೇ ಕೆಲಸ ಎಂದುಕೊಂಡಿದ್ದೆ. ಬಳಸುವವರ ಅಡುಗೆಮನೆ, ಹೊಗೆ, ಸಾಲದ ಕಡೆ ನೋಡಿಯೇ ಇರಲಿಲ್ಲ.

ಆ ಸಭೆ ಮೂರು ಸಲ ಸೇರಿತು. ಕೊನೆಗೆ ಒಪ್ಪಂದವಾಯಿತು. ಯಾವ ಹಳ್ಳದ ಮರ ಯಾವ ಮನೆಯವರದ್ದು ಎಂದು ಹಂಚಿಕೊಳ್ಳುವುದು, ಹಣ್ಣು ಹಳದಿಗೆ ತಿರುಗಿದ ಮೇಲೆ ಎಲ್ಲರೂ ಒಂದೇ ದಿನ ಕೊಯ್ಲು ಶುರು ಮಾಡುವುದು, ಟೊಂಗೆ ಕಡಿಯಬಾರದು, ತುದಿಯ ಹಣ್ಣು ಸಿಂಗಳೀಕನಿಗೆ ಬಿಡುವುದು. ತುದಿಯ ವಿಷಯದಲ್ಲಿ ಜಗಳವೇ ಆಗಲಿಲ್ಲ. ಅಲ್ಲಿಗೆ ಹತ್ತುವುದು ಹೇಗೂ ಅಪಾಯ. ಹತ್ತಿ ಬಿದ್ದವರ ಮನೆ ಎರಡು ಅದೇ ಊರಿನಲ್ಲಿವೆ. ಹಂಚಿಕೆಯ ಮೇಲೆ ಮಾತ್ರ ರಾತ್ರಿಯವರೆಗೆ ವಾದ ನಡೆಯಿತು. ಜಮೀನಿಲ್ಲದ ಮನೆಗಳಿಗೆ ಒಳ್ಳೆ ಹಳ್ಳ ಮೊದಲು ಸಿಗಬೇಕು ಎಂದು ಎದ್ದು ಹೇಳಿದ್ದು ಅಕ್ಕ. ಅಲ್ಲಿಯವರೆಗೆ ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

2018ರಲ್ಲಿ ಒಪ್ಪಂದ ಮುರಿಯಿತು. ಹೊರಗಿನ ಕೆಲವರು ರಾತ್ರಿ ಬಂದು ಒಂದು ಹಳ್ಳವನ್ನು ಬೋಳಿಸಿ ಹೋದರು. ಬೆಳಗಾಗುವುದರಲ್ಲಿ ನಮ್ಮವರೂ ದೋಟಿ ಹಿಡಿದು ನುಗ್ಗಿದರು, ಎರಡು ದಿನದಲ್ಲಿ ಎಲ್ಲಾ ಹಸಿರು ಕಾಯಿ ಇಳಿಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎಳೆ ಕಾಯಿಯ ಸಿಪ್ಪೆ ತೆಳು, ತೂಕ ಬರುವುದಿಲ್ಲ. ಆ ವರ್ಷದ ಹಣ ನೋಡಿ ಅವರಿಗೇ ಬೇಸರವಾಯಿತು. ಮರುವರ್ಷ ಜೂನ್‌ನಿಂದಲೇ ಸರದಿಯಲ್ಲಿ ಕಾವಲು ಹಾಕಿದರು. ನಾನೂ ಎಂಟು ರಾತ್ರಿ ಕೂತಿದ್ದೇನೆ, ಕಂಬಳಿ ಕೊಪ್ಪೆ ಹೊದ್ದು.

ಹೊಸದಾಗಿ ಸ್ವಯಂಸೇವೆಗೆ ಬರುತ್ತೇವೆ ಎನ್ನುವವರು ನನ್ನನ್ನು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ಜೂನ್ 5ರ ಪರಿಸರ ದಿನಕ್ಕೆ ಬರಬೇಡಿ, ಜುಲೈ ಕೊನೆಗೆ ಬನ್ನಿ, ಹದಿನೈದು ದಿನವಾದರೂ ಇರಿ. ಉಳಿಯುವ ಮನೆಗೆ ಊಟದ ಖರ್ಚು ಕೊಡಿ, ಹೆಂಗಸರ ಕೆಲಸ ನಿಮ್ಮಿಂದ ಹೆಚ್ಚಾಗದ ಹಾಗೆ ನೋಡಿಕೊಳ್ಳಿ. ನಿಮ್ಮ ಕೈಯಲ್ಲಿ ಯಾವ ಕಸುಬಿದೆಯೋ ಅದನ್ನೇ ತನ್ನಿ. ಲೆಕ್ಕ ಬರೆಯಲು ಬರುವ ಹುಡುಗಿಯೊಬ್ಬಳು ಆರು ಮನೆಗಳ ಮಾರಾಟದ ಪುಸ್ತಕ ಸರಿಮಾಡಿ ಕೊಟ್ಟಳು. ಅದರಷ್ಟು ಉಪಕಾರ ನನ್ನ ನಾಲ್ಕು ಗೂಡುಗಳಿಂದಲೂ ಆಗಿಲ್ಲ ಎಂದು ನನ್ನ ಅನಿಸಿಕೆ.

ಗಿಡ ನೆಡುವುದನ್ನೂ ಬಿಟ್ಟಿಲ್ಲ. ಸಿಪ್ಪೆ ಬಿಡಿಸುವಾಗ ಬೀಜ ರಾಶಿ ಬೀಳುತ್ತದೆ. ಅದರಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ, ಹೆಪ್ಪುಗಟ್ಟುವ ಎಣ್ಣೆ. 2014ರ ಆ ಮೊದಲ ಮಳೆಗಾಲದ ಕೊನೆಗೆ ಅಕ್ಕ ಒಂದು ಬುಟ್ಟಿ ಬೀಜ ಎತ್ತಿಟ್ಟು ಮಡಿಗೆ ಹಾಕಿದ್ದರು. ದೀಪಾವಳಿಗೆ ಏನೂ ಇಲ್ಲ. ಸಂಕ್ರಾಂತಿಗೂ ಇಲ್ಲ. ಸತ್ತಿವೆ ಎಂದು ನಾನು ಅಗೆಯಲು ಹೋದರೆ ತಡೆದರು. ಮರುವರ್ಷದ ಮಳೆ ಬಿದ್ದ ಮೇಲೆ ಒಂದೊಂದೇ ಮೇಲೆದ್ದವು. ಉಪ್ಪಾಗೆ ಹಾಗೆಯೇ, ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಒಂದು ವರ್ಷ ಬೆಳೆಸಿ, 2016ರಲ್ಲಿ ಸೊಪ್ಪಿನ ಬೆಟ್ಟದ ಮರಗಳ ನೆರಳಿನಲ್ಲಿ ನಲವತ್ತು ಸಸಿ ನೆಟ್ಟೆವು. ಮೂವತ್ತೊಂದು ಉಳಿದಿವೆ.

ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಹೇಳಲಾಗದು. ಬೇಗ ಫಲ ಬೇಕೆಂದರೆ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟಬೇಕು. ತೋಟದ ಬದುವಿಗೆ ಅಂಥವನ್ನೂ ಹಾಕಿದ್ದೇವೆ. ಕಾಡಿಗೆ ಮಾತ್ರ ಬೀಜದ ಸಸಿಯೇ ಇರಲಿ ಎಂದು ಅಜ್ಜ ಹಟ ಹಿಡಿದಿದ್ದರು. ಅಜ್ಜ ಈಗಿಲ್ಲ. ಈ ಸಲ ಮಾರ್ಚ್‌ನಲ್ಲಿ ಅಕ್ಕ ಫೋನ್ ಮಾಡಿ, "ಮೂರು ಗಿಡ ಹೂ ಬಿಟ್ಟಿದ್ದು, ಬಂದು ನೋಡು" ಎಂದರು. ವರ್ಕ್‌ಶಾಪ್‌ಗೆ ಬೀಗ ಹಾಕಿ ಹೋದೆ. ಮೂರೂ ಗಂಡು. ಉಳಿದ ಇಪ್ಪತ್ತೆಂಟರ ಬುಡಕ್ಕೆ ಇಬ್ಬರೂ ಒಣ ಎಲೆಯ ದರಕು ಹೊದಿಸಿ ಬಂದೆವು.