ಮಸಿಗೆ ಮೊದಲೇ ನೀರು ಹಾಕಬೇಡಿ

ತುಮಕೂರಿನ ನಮ್ಮ ಮನೆಗೆ ಬೆಂಕಿ ಹತ್ತಿದ್ದು ಫ್ರಿಜ್ ಹಿಂದಿನ ಪ್ಲಗ್‌ನಿಂದ. ಅಗ್ನಿಶಾಮಕದವರು ಬಂದು ಆರಿಸಿದಾಗ ಸುಟ್ಟಿದ್ದು ಅಡುಗೆಮನೆ ಮಾತ್ರ. ಹೊಗೆ ಮಾತ್ರ ಮನೆಯೆಲ್ಲ ಸುತ್ತಿತ್ತು. ಮಲಗುವ ಕೋಣೆಯ ಮುಚ್ಚಿದ ಬೀರುವಿನಲ್ಲೂ ಸೀರೆಗಳ ಅಂಚು ಕಪ್ಪಾಗಿತ್ತು. ಸೌದೆ ಒಲೆಯ ಮನೆಯಲ್ಲಿ ಇಲ್ಲಣ ಜೋತಾಡುತ್ತಲ್ಲ, ಹಾಗೆ ಹಾಲ್‌ನ ಮೂಲೆಗಳಲ್ಲಿ ಮಸಿಯ ಎಳೆಗಳು ತೂಗುತ್ತಿದ್ದವು.

ಬೆಳಗಾಗುತ್ತಲೇ ಎದುರುಮನೆ ಅಕ್ಕ ಬಕೆಟ್, ಪೊರಕೆ ಹಿಡಿದು ಬಂದರು. "ನೋಡ್ತಾ ಕೂತ್ರೆ ಆಗಲ್ಲ ಕಣಮ್ಮ, ತೊಳೆದುಬಿಡೋಣ" ಅಂದರು. ನಾನೂ ಹಾಲ್‌ನ ಗೋಡೆಗೆ ಒದ್ದೆ ಬಟ್ಟೆ ಎಳೆದೆ. ಒಂದೇ ಸಲ. ಮಸಿ ಕಾಡಿಗೆಯ ಹಾಗೆ ಹರಡಿ ಗೋಡೆಯೊಳಕ್ಕೆ ಇಳಿಯಿತು. ಸುಟ್ಟ ಪ್ಲಾಸ್ಟಿಕ್ ಮತ್ತು ಎಣ್ಣೆಯ ಮಸಿಯಲ್ಲಿ ಜಿಡ್ಡು ಇರುತ್ತದೆ. ಮೊದಲು ಒಣಗಿದ್ದಾಗಲೇ ತೆಗೆಯಬೇಕು, ನೀರು ಆಮೇಲೆ.

ಅಲ್ಲಿಗೆ ಕೈ ನಿಲ್ಲಿಸಿದೆ. ಮೇನ್ ಸ್ವಿಚ್ ಆಫ್ ಇದೆಯಾ ಅಂತ ನೋಡಿಕೊಂಡು ಪ್ರತಿ ಕೋಣೆಯ ಫೋಟೊ ತೆಗೆದೆ. ವಿಮೆಯವರಿಗೆ ಫೋನ್ ಮಾಡಿದೆ, ಅಗ್ನಿಶಾಮಕ ಠಾಣೆಯಲ್ಲಿ ವರದಿಗೆ ಅರ್ಜಿ ಕೊಟ್ಟೆ. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಫ್ರಿಜ್ಜನ್ನೂ ಆಚೆ ಹಾಕಲಿಲ್ಲ.

ನಂತರ ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಸುತ್ತಿಗೆಯಿಂದ ಅಡುಗೆಮನೆ ಮೋಲ್ಡನ್ನು ತಟ್ಟುತ್ತಾ ಹೋದರು. ಒಂದು ಕಡೆ ಟೊಳ್ಳು ಸದ್ದು ಬಂತು. ಅಲ್ಲಿ ಪ್ಲಾಸ್ಟರ್ ಕೆತ್ತಿಸಿ ಕಾಂಕ್ರೀಟಿನ ಬಣ್ಣ ನೋಡಿದರು. ಕಾಂಕ್ರೀಟು 300 ಡಿಗ್ರಿ ದಾಟಿ ಕಾದರೆ ಎಷ್ಟೋ ಸಲ ನಸುಗೆಂಪಾಗುತ್ತದಂತೆ. ನಮ್ಮದು ಬೂದು ಬಣ್ಣದಲ್ಲೇ ಇತ್ತು, ಕಂಬಿಯೂ ಕಂಡಿರಲಿಲ್ಲ. ಪ್ಲಾಸ್ಟರ್ ಮಾತ್ರ ಹೊಸದಾಗಿ ಮಾಡಿದರೆ ಸಾಕು ಅಂದಾಗಲೇ ಅಮ್ಮನಿಗೆ ಜೀವ ಬಂದಿದ್ದು. ವೈರಿಂಗ್ ಪೂರ್ತಿ ತೆಗೆಸಿದೆವು. ಹೊರಗೆ ಚೆನ್ನಾಗಿ ಕಂಡ ವೈರ್ ಕೂಡ ಪೈಪಿನೊಳಗೆ ಕರಗಿ ಅಂಟಿಕೊಂಡಿತ್ತು.

ಮಸಿ ತೆಗೆಯೋದೇ ದೊಡ್ಡ ಕೆಲಸ. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಮೊದಲು ಸೀಲಿಂಗ್, ಆಮೇಲೆ ಗೋಡೆ. ವ್ಯಾಕ್ಯೂಮ್‌ನ ಬ್ರಷ್ಷನ್ನು ಗೋಡೆಗೆ ತಿಕ್ಕದೆ ಸ್ವಲ್ಪ ದೂರದಲ್ಲೇ ಹಿಡಿದೆ. ನಂತರ ಮಸಿಗೆಂದೇ ಸಿಗುವ ಒಣ ರಬ್ಬರ್ ಸ್ಪಂಜಿನಿಂದ ಒಂದೇ ದಿಕ್ಕಿಗೆ ಎಳೆದೆ. ಸ್ಪಂಜಿನ ಮುಖ ಕಪ್ಪಾದರೆ ಚಾಕುವಿನಿಂದ ಒಂದು ಪದರ ಕತ್ತರಿಸಿದರೆ ಮತ್ತೆ ಹೊಸದು. ಅಪ್ಪ ಅಮ್ಮನ ಮದುವೆ ಫೋಟೊದ ರಟ್ಟಿಗೆ ಅದನ್ನು ತಾಗಿಸೋಕೆ ಧೈರ್ಯ ಬರಲಿಲ್ಲ. ಮೈದಾಗೆ ಉಪ್ಪು ಹಾಕಿ ಕೈಗೆ ಅಂಟದ ಹಾಗೆ ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ ಒತ್ತಿ ಒತ್ತಿ ತೆಗೆದೆ. ಮಸಿ ಹಿಟ್ಟಿಗೆ ಬಂತು, ರಟ್ಟಿನ ಬಿಳುಪು ಕಾಣಿಸಿತು. ಮಕ್ಕಳು ಆಡುವ ಪ್ಲೇ-ಡೋ ಕೂಡ ಮೊದಲು ಅಮೆರಿಕದಲ್ಲಿ ವಾಲ್‌ಪೇಪರಿನ ಕಲ್ಲಿದ್ದಲ ಮಸಿ ತೆಗೆಯುವ ಹಿಟ್ಟೇ ಆಗಿತ್ತು.

ಇಷ್ಟಾದ ಮೇಲೆ ನೀರು. ಅರ್ಧ ಬಕೆಟ್ ಬಿಸಿ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ, ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆದೆ. ಮೇಲಿನಿಂದ ಶುರು ಮಾಡಿದರೆ ಇಳಿಯುವ ಕಪ್ಪು ನೀರು ಒಣ ಗೋಡೆಯ ಮೇಲೆ ಗೆರೆ ಎಳೆಯುತ್ತದೆ, ಅದು ಹೋಗುವುದಿಲ್ಲ. ನಲ್ಲಿ, ಚಿಲಕದಂಥ ಲೋಹದ ಸಾಮಾನನ್ನು ಮಾತ್ರ ಎರಡನೇ ದಿನವೇ ಒರೆಸಿದ್ದೆ. ಪಿವಿಸಿ ವೈರ್ ಸುಟ್ಟ ಹೊಗೆಯಲ್ಲಿ ಆಮ್ಲ ಇರುತ್ತದೆ, ತೇವ ತಾಗಿದರೆ ಲೋಹವನ್ನು ತಿನ್ನುತ್ತದೆ. ಮಾತ್ರೆ, ಬೇಳೆ, ಹಿಟ್ಟು, ಡಬ್ಬ ಮುಚ್ಚಿದ್ದರೂ ಎಲ್ಲ ಎಸೆದೆವು.

ಸಾಸಿವೆ ಡಬ್ಬದಲ್ಲಿ ಅಮ್ಮ ಇಟ್ಟಿದ್ದ ನೋಟುಗಳು ಹಪ್ಪಳದ ಹಾಗಾಗಿದ್ದವು. ಬಿಡಿಸೋಕೆ ಹೋಗದೆ ಹತ್ತಿಯ ಮೇಲಿಟ್ಟು ಊಟದ ಡಬ್ಬಿಗೆ ಹಾಕಿದೆ. ಇಷ್ಟು ಸುಟ್ಟ ನೋಟನ್ನು ಬ್ಯಾಂಕ್ ಶಾಖೆಯಲ್ಲಿ ತೆಗೆದುಕೊಳ್ಳುವುದಿಲ್ಲ, ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೇ ಹೋಗಬೇಕು. 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಾದರೆ, ಒಂದೇ ತುಂಡಾಗಿ ಶೇ. 80ಕ್ಕಿಂತ ಜಾಸ್ತಿ ಉಳಿದಿದ್ದಕ್ಕೆ ಪೂರ್ತಿ ದುಡ್ಡು, 40ರಿಂದ 80ರವರೆಗೆ ಅರ್ಧ. ನಮ್ಮವು ಬಹುಪಾಲು ಅರ್ಧಕ್ಕೆ ಬಂದವು. ಅಮ್ಮ ಅದನ್ನೂ ಎಣಿಸಿ ಸೆರಗಿಗೆ ಕಟ್ಟಿಕೊಂಡರು.

ಪೇಂಟ್ ಆಯಿತು. ಆದರೆ ಮೊದಲ ದಿನ ಒದ್ದೆ ಬಟ್ಟೆ ಎಳೆದ ಜಾಗ ಎರಡು ಕೋಟ್ ದಾಟಿ ಹಳದಿಯಾಗಿ ಎದ್ದು ಬಂತು. ಪೇಂಟರ್ ಅಲ್ಲಿ ಕೆರೆದು ಆಯಿಲ್ ಪ್ರೈಮರ್ ಹೊಡೆದ ಮೇಲೆಯೇ ಮುಚ್ಚಿತು. ಮೊದಲೇ ಎಲ್ಲ ಗೋಡೆಗೂ ಅದನ್ನೇ ಹೊಡೆಸಬೇಕಿತ್ತು.

ಮುಂಗಾರು ಶುರುವಾದ ವಾರ ಸುಟ್ಟ ವಾಸನೆ ಮತ್ತೆ ಬಂತು. ಅಮ್ಮ ರಾತ್ರಿ ಎದ್ದು ಅಡುಗೆಮನೆಗೆ ಓಡಿದರು. ಎರಡು ದಿನ ಮೂಸಿ ಹುಡುಕಿದೆವು. ಕೊನೆಗೆ ಸ್ಟೂಲ್ ಹತ್ತಿ ಮಲಗುವ ಕೋಣೆ ಬಾಗಿಲಿನ ಮೇಲಂಚಿಗೆ ಬೆರಳಿಟ್ಟೆ. ಬೆರಳು ಕಪ್ಪಾಯಿತು. ನಾಲ್ಕೂ ಬಾಗಿಲುಗಳ ಮೇಲಂಚು ಹಾಗೇ ಇತ್ತು, ಹಾಲ್‌ನ ಫ್ಯಾನಿನ ಬಟ್ಟಲೊಳಗೂ ಮಸಿ ತುಂಬಿತ್ತು. ಒರೆಸಿ, ಪ್ರೈಮರ್ ಹಚ್ಚಿದೆ. ಮಾರನೇ ರಾತ್ರಿ ಮಳೆ ಜೋರಾಗಿ ಬಂತು, ಅಮ್ಮ ಏಳಲಿಲ್ಲ.